ಜಾರ್ಜಿಯಾಕ್ಕೆ ಓದಲು ಹೋದವರು ಮ್ತ್ಸ್‌ಖೇತಾದ ಕೆಥೆಡ್ರಲ್ ನೋಡುವ ಬಗೆ

ಹಾವೇರಿ, ಗದಗ, ಧಾರವಾಡದ ಕಡೆಯಿಂದ ವೈದ್ಯಕೀಯ ಓದಲು ಜಾರ್ಜಿಯಾದ ತಬಿಲಿಸಿಗೆ ಹೋದವರು ಬಿಡುವಿನ ದಿನ ನೋಡಲೇಬೇಕಾದ ಊರು, ಅಲ್ಲಿಂದ ಸುಮಾರು 20 ಕಿ.ಮೀ. ದೂರದ ಮ್ತ್ಸ್‌ಖೇತಾ. ಅಲ್ಲಿನ ಸ್ವೇತಿತ್ಸ್‌ಖೋವೇಲಿ ಕೆಥೆಡ್ರಲ್‌ನ ಈಗಿನ ಕಟ್ಟಡ 1010ರಿಂದ 1029ರ ಅವಧಿಯದು. ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಕಾಲಕ್ಕೆ ತೀರ ಹತ್ತಿರದ್ದು. ಆದರೆ ಕಟ್ಟಡದ ವಯಸ್ಸು ತಿಳಿದುಕೊಂಡು, ನಾಲ್ಕು ಫೋಟೊ ತೆಗೆದುಕೊಂಡು ಮರಳಿದರೆ ಸ್ಥಳೀಯರ ಪಾಲಿಗೆ ಅದು ಏನೆಂಬುದು ನಿಮಗೆ ತಿಳಿಯುವುದಿಲ್ಲ. ಅದಕ್ಕೆ ಜನರ ಕೈಗಳನ್ನು ಗಮನಿಸಬೇಕು.

ಈ ಕೆಲಸ ದಾರಿಯಲ್ಲೇ ಆರಂಭವಾಗಲಿ. ತಬಿಲಿಸಿಯ ದಿದುಬೆ ನಿಲ್ದಾಣದಿಂದ ಹೊರಡುವ ಮಿನಿಬಸ್ಸಿನಲ್ಲಿ ಕುಳಿತರೆ, ಚರ್ಚೊಂದು ಕಣ್ಣಿಗೆ ಬಿದ್ದೊಡನೆ ಹಲವು ಪ್ರಯಾಣಿಕರು ಹಣೆ, ಹೊಟ್ಟೆ, ಬಲಭುಜ, ಎಡಭುಜ ಎಂಬ ಕ್ರಮದಲ್ಲಿ ಮೂರು ಸಲ ಶಿಲುಬೆಯ ಗುರುತು ಮಾಡಿಕೊಳ್ಳುವುದು ಕಾಣುತ್ತದೆ.

ಹೆಣ್ಣುಮಕ್ಕಳು ತಲೆಗೆ ವಸ್ತ್ರ ಹೊದ್ದು, ಮೊಣಕಾಲು ಮುಚ್ಚುವ ಲಂಗ ತೊಟ್ಟು ಹೋಗಬೇಕು. ಗಂಡುಮಕ್ಕಳಿಗೆ ಚಡ್ಡಿ ಸಲ್ಲದು, ಟೋಪಿ ತೆಗೆಯಬೇಕು. ಚಪ್ಪಲಿ ಮಾತ್ರ ಕಾಲಲ್ಲೇ ಇರಲಿ, ಬಾಗಿಲಲ್ಲಿ ಬಿಚ್ಚಿಟ್ಟರೆ ಅಲ್ಲಿಯವರೇ ಗಾಬರಿಯಾದಾರು. ಒಳಗೆ ಬೆಂಚುಗಳ ಸಾಲಿಲ್ಲದ ಕಾರಣ ಪೂಜೆಯುದ್ದಕ್ಕೂ ಜನ ನಿಂತೇ ಇರುತ್ತಾರೆ. ಜೇನುಮೇಣದ ತೆಳ್ಳನೆಯ ಬತ್ತಿಯನ್ನು ಕೊಂಡು, ಉರಿಯುತ್ತಿರುವ ಇನ್ನೊಂದರಿಂದ ಹೊತ್ತಿಸಿ, ಬುಡವನ್ನು ತುಸು ಕರಗಿಸಿ ನಿಲ್ಲಿಸಿದ ಮೇಲೆ ಅವರು ಯೇಸು, ಸಂತರ ಪಟವನ್ನು ಮುಟ್ಟಿ ಮುತ್ತಿಡುತ್ತಾರೆ. ಬದುಕಿರುವವರಿಗೂ ಸತ್ತವರಿಗೂ ಬತ್ತಿ ಹಚ್ಚುವುದುಂಟು. ಯಾರ ಹೆಸರಿನಲ್ಲಿ ಎಂದು ಆ ಹೊತ್ತಿನಲ್ಲಿ ಕೇಳಬಾರದು. ಯಾಜಕರು ರೊಟ್ಟಿ, ದ್ರಾಕ್ಷಾರಸ ಕೊಡುವಾಗ ಪ್ರಸಾದವೆಂದು ಭಾವಿಸಿ ಸಾಲಿನಲ್ಲಿ ನಿಲ್ಲಬೇಡಿ, ಅದು ಆರ್ಥೊಡಾಕ್ಸ್ ಎಂಬ ಅಲ್ಲಿನ ಕ್ರೈಸ್ತ ಪಂಥದ ದೀಕ್ಷೆ ಪಡೆದವರಿಗೆ ಮಾತ್ರ ಸಲ್ಲುವಂಥದ್ದು. ಪಟಗಳ ಗೋಡೆಯ ಹಿಂದಿನ ಗರ್ಭಗುಡಿಗೂ ಕಾಲಿಡುವಂತಿಲ್ಲ.

ಯೇಸುವಿನ ಅಂಗಿ ಇಲ್ಲಿಯೇ ಹೂತಿದೆಯೆಂಬುದು ಅವರ ನಂಬಿಕೆ. ಇದಕ್ಕೆ ಪುರಾವೆ ಕೇಳುವುದು ಒರಟುತನ. ಕೇಳಿದರೂ ನಿಮ್ಮ ತಿಳಿವಳಿಕೆಗೆ ಏನೂ ಸೇರದು. ಎರಡನೆಯ ಎರೆಕ್ಲೆಯಂಥ ರಾಜರ ಸಮಾಧಿಗಳೂ ಒಳಗಿರುವುದರಿಂದ, ಭಕ್ತಿಯಿಲ್ಲದ ಜಾರ್ಜಿಯನ್ನರಿಗೂ ಈ ನೆಲ ದೇಶದ ಗುರುತಾಗಿದೆ. ಉತ್ತರದ ಹೊರಗೋಡೆಯ ಮೇಲೆ ಮೂಲೆಮಟ್ಟ ಹಿಡಿದ ಕೈಯೊಂದರ ಕೆತ್ತನೆಯಿದೆ. ಕಟ್ಟಿದ ಶಿಲ್ಪಿ ಅರ್ಸುಕಿದ್ಜೆಯ ಕೈಯನ್ನೇ ಕತ್ತರಿಸಿದರೆಂಬ ದಂತಕಥೆಯನ್ನು ಊರಿನವರಿಂದಲೇ ಕೇಳಿಸಿಕೊಳ್ಳಿ.

ಪ್ರಶ್ನೆ ಕೇಳಲು ಗೈಡ್‌ಗಿಂತ ನೀವಿರುವ ಮನೆಯ ಒಡತಿ ಮೇಲು. 1921ರಿಂದ 1991ರವರೆಗಿನ ಸೋವಿಯತ್ ಆಳ್ವಿಕೆಯಲ್ಲಿ ಧರ್ಮಾಚರಣೆಗೆ ಕಡಿವಾಣವಿದ್ದುದರಿಂದ, “ನಿಮ್ಮ ಮನೆಯಲ್ಲಿ ಯಾರ ದೀಕ್ಷಾಸ್ನಾನ ಎಲ್ಲಿ, ಯಾವಾಗ ಆಯಿತು?” ಎಂಬ ಒಂದೇ ಪ್ರಶ್ನೆಗೆ ಮೂರು ತಲೆಮಾರಿನ ಕಥೆ ಹೊರಬರುವ ಸಂಭವವಿದೆ. ಅಕ್ಟೋಬರ್ 14ರಂದು ಈ ಕೆಥೆಡ್ರಲ್‌ನ ಹಬ್ಬ. ಅಂದು ದೇಶಕ್ಕೇ ರಜೆ. ಜಾತ್ರೆಯ ಗದ್ದಲದಲ್ಲಿ ಯಾರೂ ಮಾತಿಗೆ ಸಿಗುವುದಿಲ್ಲವಾದ್ದರಿಂದ ಮೊದಲ ಭೇಟಿಯನ್ನು ಸಾಧಾರಣ ಭಾನುವಾರವೊಂದಕ್ಕೆ ಇಟ್ಟುಕೊಳ್ಳಿ.