ಅರ್ಧ ಎಂಟು ಎಂದರೆ ಏಳೂವರೆ: ಜರ್ಮನಿಗೆ ಹೊಸದಾಗಿ ಬಂದವರಿಗೆ

ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷ. ಪೋಷಕರ ಸಭೆ ‘ಹಾಲ್ಪ್ ಆಖ್ಟ್’ಗೆ ಎಂದು ಟೀಚರ್ ಫೋನಿನಲ್ಲಿ ಹೇಳಿದರು. ಹಾಲ್ಪ್ ಅಂದರೆ ಅರ್ಧ, ಆಖ್ಟ್ ಅಂದರೆ ಎಂಟು. ಎಂಟೂವರೆ ಅಂದುಕೊಂಡು ಆರಾಮಾಗಿ ಸಾರನ್ನ ಉಂಡು ಹೋದೆ. ಅಲ್ಲಿ ಕುರ್ಚಿ ಎತ್ತಿಡುತ್ತಿದ್ದರು. ಇವರ ಲೆಕ್ಕದಲ್ಲಿ ಅದು ಎಂಟಾಗಲು ಇನ್ನೂ ಅರ್ಧ ಗಂಟೆ ಇರುವಾಗ, ಅಂದರೆ ಏಳೂವರೆ.

ನಾನು ಸ್ಟುಟ್‌ಗಾರ್ಟಿಗೆ ಬಂದು ಆಗಲೇ ಐದು ವರ್ಷವಾಗಿತ್ತು. ಜರ್ಮನ್ ಕಲಿಕೆಯ ಮೊದಲ ಹಂತವಾದ ಎ1ರಲ್ಲೇ ಕಲಿಸುವ ಪಾಠ ಇದು. ಕಲಿತಿದ್ದೆ, ಪಾಸೂ ಆಗಿದ್ದೆ. ಸರ್ಟಿಫಿಕೇಟ್ ತೋರಿಸಿ ಇಲ್ಲಿ ಕಾಯಂ ಆಗಿ ಇರುವ ಪರ್ಮಿಟ್ ಪಡೆದ ದಿನವೇ ಪುಸ್ತಕ ಅಟ್ಟಕ್ಕೆ ಹೋಯಿತು. ಆಫೀಸಿನಲ್ಲಿ ಇಂಗ್ಲಿಷ್, ಮನೆಯಲ್ಲಿ ಕನ್ನಡ, ವಾರಾಂತ್ಯಕ್ಕೆ ನಮ್ಮವರೇ ನಾಲ್ಕು ಮನೆ. ಜರ್ಮನ್ ಯಾಕೆ ಬೇಕು ಅನ್ನಿಸಿತ್ತು. ಐಟಿ ಕೆಲಸಕ್ಕೆ ಬಂದ ಹೆಚ್ಚಿನವರದ್ದು ಇದೇ ಕಥೆ, ನಿಮ್ಮದೂ ಆಗಬಹುದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಗದಪತ್ರದ ಮಾತು ಮುಗಿಸಿಬಿಡೋಣ. ಭಾಷೆಯ ಹಂತಗಳು ಆರು, ಎ1ರಿಂದ ಸಿ2ರವರೆಗೆ. ಬ್ಲೂ ಕಾರ್ಡ್, ಅಂದರೆ ಪರಿಣತ ಕೆಲಸಗಾರರಿಗೆ ಕೊಡುವ ವಾಸದ ಪರ್ಮಿಟ್, ಇದ್ದವರಿಗೆ ಎ1 ಇದ್ದರೆ 27 ತಿಂಗಳಿಗೆ, ಬಿ1 ಇದ್ದರೆ 21 ತಿಂಗಳಿಗೆ ಕಾಯಂ ಪರ್ಮಿಟ್ ಸಿಗುತ್ತದೆ. ಪೌರತ್ವಕ್ಕೆ ಸಾಮಾನ್ಯವಾಗಿ ಐದು ವರ್ಷದ ವಾಸ, ಜೊತೆಗೆ ಬಿ1. ಬ್ಲೂ ಕಾರ್ಡ್‌ನವರ ಗಂಡ ಅಥವಾ ಹೆಂಡತಿಗೆ ವೀಸಾ ಕೊಡುವಾಗ ಜರ್ಮನ್ ಕೇಳುವುದಿಲ್ಲ. ಇದನ್ನು ಅನುಕೂಲ ಅಂತ ತಿಳಿಯಬೇಡಿ. ಕೇಳದೇ ಇರೋದರಿಂದಲೇ ಎಷ್ಟೋ ಜನ ಕಲಿಯದೆ ಬಂದು, ಮೊದಲ ಚಳಿಗಾಲವಿಡೀ ಮನೆಯೊಳಗೆ ಕಳೆಯುತ್ತಾರೆ. ನನ್ನ ಹೆಂಡತಿ ಹಾಗೆ ಕಳೆದಳು. ಇನ್ನೂ ಬೆಂಗಳೂರಿನಲ್ಲೇ ಇದ್ದೀರಾ? ಜರ್ಮನ್ ಕಲಿಸುವ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಎ1 ಮುಗಿಸಿಕೊಂಡೇ ವಿಮಾನ ಹತ್ತಿ.

ಇನ್ನು ಭಾಷೆಗೆ ಬರೋಣ. ಜರ್ಮನ್ ಕಷ್ಟ ಅಂತ ಹೆದರಿಸುವವರು ಅದನ್ನು ಇಂಗ್ಲಿಷ್ ದಾರಿಯಲ್ಲಿ ಕಲಿತವರು. ನೀವು ಕನ್ನಡದ ದಾರಿ ಹಿಡಿಯಿರಿ. ‘ನನಗೆ ಚಳಿ’ ಅನ್ನೋದಕ್ಕೆ ಇಲ್ಲಿ ‘ಮಿಯರ್ ಇಸ್ಟ್ ಕಾಲ್ಟ್’. ಮಿಯರ್ ಅಂದರೆ ನನಗೆ. ನಮ್ಮ ಚತುರ್ಥಿ ವಿಭಕ್ತಿಯೇ! ಇಂಗ್ಲಿಷಿನಂತೆ ‘ನಾನು’ ಅಂತ ಶುರುಮಾಡಿದರೆ ಅರ್ಥ ಕೆಡುತ್ತದೆ. ಸೆಕೆ ಆಗುತ್ತಿದೆ ಅನ್ನಲು ಹೋಗಿ ನಾನು ಆಫೀಸಿನಲ್ಲಿ ಏನೋ ಹೇಳಿದ್ದೆ, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ‘ಯಾಕೆಂದರೆ’ ಅನ್ನುವ ‘ವೈಲ್’ ಬಂದರೆ ಕ್ರಿಯಾಪದ ವಾಕ್ಯದ ಕೊನೆಗೆ ಹೋಗುತ್ತದೆ. ಇಂಗ್ಲಿಷರು ಇಲ್ಲಿ ತಡವರಿಸುತ್ತಾರೆ, ನಮಗೆ ಹುಟ್ಟಿನಿಂದ ಅದೇ ರೂಢಿ. ‘ಡು’ ಮತ್ತು ‘ಜೀ’ ನಮ್ಮ ನೀನು, ನೀವು. ಕೈಗವಸಿಗೆ ‘ಹಾಂಟ್‌ಶೂ’ ಅನ್ನುತ್ತಾರೆ, ಅಂದರೆ ಕೈಗೆ ಹಾಕುವ ಶೂ. ಹೀಗೆ ಪದಕ್ಕೆ ಪದ ಅಂಟಿಸುವುದು ಸಮಾಸ ಕಲಿತ ನಮಗೇನು ಹೊಸದಲ್ಲ.

ತೊಂದರೆ ಲಿಂಗದ್ದು. ಮೇಜು ಗಂಡು, ದೀಪ ಹೆಣ್ಣು, ಹುಡುಗಿ ನಪುಂಸಕ. ಇದಕ್ಕೆ ಉರು ಹೊಡೆಯುವುದೇ ದಾರಿ. ನಮ್ಮ ಗುಂಪಿನ ಹವ್ಯಕ ಗೆಳೆಯನೊಬ್ಬ ಮಾತ್ರ, ‘ನಮ್ಮಲ್ಲೂ ಅಕ್ಕ ಬಂತು ಅಂತೇವಲ್ಲ, ಹುಡುಗಿ ನಪುಂಸಕ ಆದರೇನು’ ಎಂದು ಆ ಪಾಠವನ್ನು ನಗುನಗುತ್ತಾ ದಾಟಿಬಿಟ್ಟ.

ವಯಸ್ಸಾಯಿತು ಅನ್ನುವವರಿಗೆ ಕಿಟೆಲ್ ಕಥೆ ಹೇಳುತ್ತೇನೆ. ಫರ್ಡಿನೆಂಡ್ ಕಿಟೆಲ್ ಉತ್ತರ ಜರ್ಮನಿಯವರು. 1853ರಲ್ಲಿ ಬಾಸೆಲ್ ಮಿಷನ್‌ನಿಂದ ನಮ್ಮ ಕಡೆ ಬಂದಾಗ 21ರ ಹುಡುಗ. ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ, 62ನೇ ವಯಸ್ಸಿನಲ್ಲಿ. ಕನ್ನಡ ವ್ಯಾಕರಣದ ಪುಸ್ತಕ ಹೊರಬಂದದ್ದು 1903ರಲ್ಲಿ. ಅದೇ ವರ್ಷ ತ್ಯೂಬಿಂಗೆನ್‌ನಲ್ಲಿ ತೀರಿಕೊಂಡರು. ನಮ್ಮ ಮನೆಯಿಂದ ಆ ಊರು ರೈಲಿನಲ್ಲಿ ಸುಮಾರು ಒಂದು ಗಂಟೆ ದಾರಿ. ಪಾಠ ಬಿಟ್ಟುಬಿಡೋಣ ಅನ್ನಿಸಿದಾಗ ಆ ರೈಲು ನೆನಪಾಗುತ್ತದೆ, ಸ್ವಲ್ಪ ನಾಚಿಕೆಯೂ ಆಗುತ್ತದೆ.

ಮರೆವಿನ ಕಾಯಿಲೆಗೆ ಭಾಷೆ ಮದ್ದು ಅಂತ ವಾಟ್ಸ್‌ಆ್ಯಪಿನಲ್ಲಿ ಓಡಾಡುವ ಸಂದೇಶ ನೋಡಿರುತ್ತೀರಿ. ಅದಕ್ಕೆ ಆಧಾರವಾದ ಒಂದು ಅಧ್ಯಯನ ನಮ್ಮ ಪಕ್ಕದಲ್ಲೇ ನಡೆದಿದೆ. ಡಾ. ಸುವರ್ಣಾ ಅಲ್ಲಾಡಿ ಮತ್ತು ತಂಡ ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿ 2013ರಲ್ಲಿ ವರದಿ ಕೊಟ್ಟರು. ಎರಡು ಅಥವಾ ಹೆಚ್ಚು ಭಾಷೆ ಆಡುವವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು, ಓದು ಬರಹ ಬಾರದವರಲ್ಲೂ. ಆದರೆ ಅವರೆಲ್ಲ ದಿನಾ ಆ ಭಾಷೆಗಳಲ್ಲಿ ಬದುಕಿದವರು. ಮೊಬೈಲ್ ಆ್ಯಪಿನಲ್ಲಿ ದಿನಕ್ಕೆ ಐದು ನಿಮಿಷ ಒತ್ತಿದರೆ ಅದೇ ಫಲ ಸಿಗುತ್ತದೆ ಅಂತ ಇದರ ಅರ್ಥ ಅಲ್ಲ.

ಹಾಗಾಗಿ ಆಡಿ, ತಪ್ಪಾದರೂ ಆಡಿ. ನೀವು ತಡವರಿಸಿದರೆ ಸಹೋದ್ಯೋಗಿಗಳು ಕರುಣೆಯಿಂದ ಇಂಗ್ಲಿಷಿಗೆ ಹಾರುತ್ತಾರೆ. ‘ಬಿಟ್ಟೆ ಆಉಫ್ ಡಾಯ್ಚ್’, ದಯವಿಟ್ಟು ಜರ್ಮನ್‌ನಲ್ಲೇ, ಅನ್ನಿ. ಬೇಕರಿ, ಸಂತೆ, ಪಕ್ಕದ ಮನೆಯ ಅಜ್ಜಿ, ಇವರೇ ಒಳ್ಳೆಯ ಮೇಷ್ಟ್ರು. ಅಜ್ಜಿಗೆ ಪುರುಸೊತ್ತೂ ಜಾಸ್ತಿ.

ಕ್ಲಾಸಿಗೆ ಊರಿನ ಫೋಕ್ಸ್‌ಹೋಖ್‌ಶೂಲೆ ಸಾಕು. ಹೆಚ್ಚುಕಮ್ಮಿ ಪ್ರತಿ ಊರಲ್ಲೂ ಇರುವ ಜನರ ಶಾಲೆ ಅದು, ಸಂಜೆ ತರಗತಿ, ಖಾಸಗಿ ಶಾಲೆಗಳಿಗಿಂತ ಸಾಮಾನ್ಯವಾಗಿ ಅಗ್ಗ. ಪೋಷಕರ ಸಭೆಯ ಅವಮಾನದ ನಂತರ ಅಲ್ಲೇ ಬಿ1, ಬಿ2 ಮಾಡಿದೆ. ಆಮೇಲೆ ಸುಮ್ನೆ ಇರಲಾರದೆ ಇಟಾಲಿಯನ್ ಸೇರಿದೆ. ಹೊಸಬರಿಗೆ ನಾನು ಒತ್ತಿ ಹೇಳುವುದು ಇದನ್ನೇ. ಜರ್ಮನ್ ಕ್ಲಾಸಿನಲ್ಲಿ ನಾವು ಸದಾ ಹಿಂದುಳಿದ ಹೊರಗಿನವರು. ಜರ್ಮನ್ನರ ಜೊತೆ ಕೂತು ಮೂರನೇ ಭಾಷೆ ಕಲಿಯುವಾಗ ಅವರೂ ನಮ್ಮಷ್ಟೇ ದಡ್ಡರು. ಮೇಷ್ಟ್ರ ವಿವರಣೆಯೆಲ್ಲ ಜರ್ಮನ್‌ನಲ್ಲೇ, ಆದರೆ ನನಗೆ ಅದರ ಪರಿವೆಯೇ ಇರಲಿಲ್ಲ. ಇಷ್ಟು ವರ್ಷದಲ್ಲಿ ಇಲ್ಲಿನವರ ಜೊತೆ ಸಮಸಮವಾಗಿ ಕೂತು ನಕ್ಕದ್ದು ಅಲ್ಲೇ ಮೊದಲು.

ನನ್ನ ಪಕ್ಕ ಕೂರುವವರಿಗೆ 74. ಅವರಾಡುವ ಶ್ವೇಬಿಶ್, ಈ ಸೀಮೆಯ ಆಡುಮಾತು, ನನಗೆ ಇನ್ನೂ ಅರ್ಧಂಬರ್ಧ. ಜರ್ಮನ್ ಪುಸ್ತಕದಲ್ಲಿ ಬೆಣ್ಣೆ ಹೆಣ್ಣು, ‘ಡೀ ಬುಟರ್’. ಅವರ ಬಾಯಲ್ಲಿ ಅದು ಗಂಡು, ‘ಡೇರ್ ಬುಟರ್’. ತಿದ್ದಲು ಹೋಗಬೇಡಿ. ನಾನು ಒಮ್ಮೆ ತಿದ್ದಿದ್ದಕ್ಕೆ ವಿರಾಮ ಪೂರ್ತಿ ಪಾಠ ಹೇಳಿಸಿಕೊಂಡು, ಕಾಫಿ ಆರಿಹೋಯಿತು.