ಅಜ್ಜನ ನೀರಿನ ಬಾಟಲಿಗೆ ಹುಣಸೆಹಣ್ಣು ಹಚ್ಚಬೇಡಿ

ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಈಗಿನ ಇಸ್ರೇಲಿನ ಹೈಫಾಗೆ ನುಗ್ಗಿದ ಕಥೆ ನಮ್ಮ ಕಡೆ ಹಲವರಿಗೆ ಗೊತ್ತು. ಆ ಕಾಲದ ಸೈನಿಕರ ವಸ್ತು ಸಂಗ್ರಹಿಸುವ ಆಸೆಯಿದ್ದರೆ, ಪದಕ, ಕತ್ತಿ ಕೊಳ್ಳಲು ದುಡ್ಡು ಬೇಕು. ಸಿಪಾಯಿಯ ನೀರಿನ ಬಾಟಲಿ, ಊಟದ ಡಬ್ಬಿ, ಬೆಲ್ಟು ಹಾಗಲ್ಲ. ಇವಕ್ಕೆ ಬೇಕಾದದ್ದು ಕಣ್ಣು.

ಮೊದಲು ನೆಂಟರ ಮನೆಯ ಅಟ್ಟ ನೋಡಿ. ಆಮೇಲೆ ಮೈಸೂರಿನ ಗುಜರಿ ಅಂಗಡಿ, ಹಳೇ ಪಾತ್ರೆ ಅಂಗಡಿ. ಪಕ್ಕದ ಕೊಡಗಿನಲ್ಲಿ ಸೈನ್ಯಕ್ಕೆ ಸೇರಿದ ಮನೆತನಗಳು ಬಹಳ. ಅಲ್ಲೂ ವಿಚಾರಿಸಿ.

ಕೈಗೆ ಸಿಕ್ಕಿದ ಮೇಲೆ ಪರೀಕ್ಷೆ. ಎರಡೂ ಮಹಾಯುದ್ಧಗಳಲ್ಲಿ ಬ್ರಿಟಿಷ್ ಮತ್ತು ಭಾರತೀಯ ಸೈನಿಕರು ಬಳಸಿದ ಬಾಟಲಿ ಬಹುತೇಕ ಒಂದೇ ಥರ: ನೀಲಿ ಎನಾಮಲ್ ಬಳಿದ ಕಬ್ಬಿಣ, ಮೇಲೆ ಖಾಕಿ ಉಣ್ಣೆ ಹೊದಿಕೆ, ದಾರ ಕಟ್ಟಿದ ಬಿರಡೆ. ಒಂದು ಲೀಟರ್‌ಗಿಂತ ತುಸು ಜಾಸ್ತಿ ನೀರು ಹಿಡಿಯುತ್ತದೆ. ಹೊರುವ ಪಟ್ಟಿಯಲ್ಲಿ ಬಾಣದ ಗುರುತು, ಅಂದರೆ ಸರ್ಕಾರಿ ಸ್ವತ್ತಿನ ಮುದ್ರೆ, ಹುಡುಕಿ. ಬಾಣದ ಜೊತೆ ಇಂಗ್ಲಿಷಿನ ಐ ಅಕ್ಷರವಿದ್ದರೆ ಭಾರತದಲ್ಲೇ ತಯಾರಾದದ್ದು. ಮಾರುವವರು ‘1937 ಪ್ಯಾಟರ್ನ್’ ಎಂದರೆ ಅದು ವಿನ್ಯಾಸದ ವರ್ಷ ಅಷ್ಟೆ. ತಯಾರಾದ ವರ್ಷ ಬೇರೆಯೇ ಒತ್ತಿರುತ್ತದೆ. ಆದರೂ ಪಟ್ಟಿಯ ವರ್ಷ ನೋಡಿ ಬಾಟಲಿಯ ವಯಸ್ಸು ಹೇಳಬೇಡಿ. ಪಟ್ಟಿ ಬದಲಾಯಿಸುವುದು ಎಷ್ಟು ಹೊತ್ತಿನ ಕೆಲಸ, ಅಲ್ವಾ?

ಸಿನಿಮಾ ಶೂಟಿಂಗ್‌ಗೆಂದು ಮಾಡಿಸಿದ ಹೊಸ ಮಾಲೂ ಹಳೆಯದರ ಹೆಸರಲ್ಲಿ ಬರುತ್ತದೆ. ನಿಜವಾದ ಸವೆತ ಕೈ, ಸೊಂಟ ತಗಲುವ ಕಡೆ ಇರುತ್ತದೆ. ಎಲ್ಲ ಕಡೆ ಒಂದೇ ಸಮ ಹಳತಾಗಿದ್ದರೆ ಸುಮ್ನೆ ವಾಪಸ್ ಕೊಟ್ಟುಬಿಡಿ.

ಇನ್ನು ಮನೆಗೆ ತಂದ ಮೇಲೆ. ಪಟ್ಟಿ, ಬೆಲ್ಟಿನ ಬಕಲ್‌ನಲ್ಲಿ ಹಿತ್ತಾಳೆ ಕಂಡ ಕೂಡಲೇ ಹುಣಸೆಹಣ್ಣು ಹಿಡಿದು ತಿಕ್ಕುವುದು ನಮ್ಮ ಮನೆಗಳ ಅಭ್ಯಾಸ. ಇಲ್ಲಿ ಬೇಡ. ಹುಳಿಗೆ ಹಳೆಯ ಬಣ್ಣ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ಹಸಿರು ಕಿಲುಬನ್ನು ಮರದ ಕಡ್ಡಿಯಿಂದ ಮೆಲ್ಲಗೆ ತೆಗೆದರೆ ಸಾಕು. ಬಟ್ಟೆಯ ಪಟ್ಟಿಗಳನ್ನು ಒಗೆಯಲೂಬೇಡಿ, ಶಾಯಿಯ ಮುದ್ರೆ ಅಳಿಸುತ್ತದೆ. ಉಣ್ಣೆ ಹೊದಿಕೆಗೆ ಹುಳದ ಕಾಟ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಡದೆ, ಗಾಳಿಯಾಡುವ ಕಪಾಟಿನಲ್ಲಿಡಿ, ಆಗಾಗ ತೆಗೆದು ನೋಡಿ. ಒಳಗೆ ಎನಾಮಲ್ ಎದ್ದು ತುಕ್ಕು ಹಿಡಿದಿರಬಹುದು, ನೀರು ಕುಡಿಯುವ ಆಸೆ ಬಿಡಿ.

ಗುಂಡು, ಸಿಡಿಯುವ ವಸ್ತು ಸಿಕ್ಕರೆ ಮುಟ್ಟದೆ ಪೊಲೀಸರಿಗೆ ತಿಳಿಸಿ. 1972ರ ಪ್ರಾಚ್ಯವಸ್ತು ಕಾಯ್ದೆ ನೂರು ವರ್ಷ ದಾಟಿದ ಚಾರಿತ್ರಿಕ ವಸ್ತುಗಳಿಗೆ ಅನ್ವಯಿಸುತ್ತದೆ. ಅಂಥವನ್ನು ಹೊರದೇಶಕ್ಕೆ ಮಾರಲು ಹೋಗಬೇಡಿ.

ಕೊಂಡ ದಿನವೇ ಒಂದು ಚೀಟಿ ಬರೆಯಿರಿ: ಯಾರದು, ಯಾವ ಊರು, ಯಾವ ಪಲ್ಟನ್, ಹೇಳಿದವರು ಯಾರು. ಪೆನ್ಸಿಲ್‌ನಲ್ಲೇ ಬರೆದು ದಾರದಲ್ಲಿ ಕಟ್ಟಿ. ಗೋಂದು ಹಚ್ಚಿ ಅಂಟಿಸಬೇಡಿ.