ಮುಂದೆ ಯಾರನ್ನ ಓದೋದು? ಕೈಯಲ್ಲಿರೋ ಪುಸ್ತಕನೇ ಹೇಳುತ್ತೆ

2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ನಮ್ಮ ಆಫೀಸಲ್ಲಿ ಕನ್ನಡ ಪುಸ್ತಕ ಮುಟ್ಟಿ ಹತ್ತು ವರ್ಷ ಆಗಿದ್ದೋರೂ ಅವರ ಪುಸ್ತಕ ಹುಡುಕಿ ತಂದು ಓದಿದ್ರು, ಓದಿ ಮುಗಿಸಿ ನನ್ನ ಹತ್ರ ಬಂದು ಕೇಳಿದ್ದು ಒಂದೇ, ಈಗ ಬರೀತಿರೋರಲ್ಲಿ ಇನ್ಯಾರಿದಾರೆ? ತೇಜಸ್ವಿ, ಭೈರಪ್ಪ ಆದ್ಮೇಲೆ ನಮ್ಗೆ ಯಾರೂ ಗೊತ್ತಿಲ್ವಲ್ಲ ಅಂತ.

ರೀಲ್ಸ್ ನೋಡಿ ತಗೊಳ್ಬೇಡಿ ಅಂತ ನಾನು ಹೇಳಲ್ಲ, ಆದ್ರೆ ನಾನು ಹಾಗೆ ತಗೊಂಡ ಮೂರರಲ್ಲಿ ಎರಡು ಮೂವತ್ತನೇ ಪುಟ ದಾಟಿಲ್ಲ.

ಮೊದಲು, ಇತ್ತೀಚೆಗೆ ನಿಮಗೆ ಇಷ್ಟವಾದ ಒಂದು ಕಥಾಸಂಕಲನ ತಗೊಳ್ಳಿ. ಹೆಸರಿರೋ ಪುಟದ ಹಿಂಬದಿ ತಿರುಗಿಸಿ. ಪ್ರಥಮ ಮುದ್ರಣ, ಪ್ರತಿಗಳು 1000, ಬಳಸಿದ ಕಾಗದ 70 ಜಿ.ಎಸ್.ಎಂ., ಡೆಮಿ 1/8 ಅಂತೆಲ್ಲ ಸಣ್ಣಕ್ಷರದಲ್ಲಿ ಇರುತ್ತಲ್ಲ, ಯಾರೂ ಓದದ ಪುಟ, ಅದೇ. ಅಲ್ಲಿ ಪ್ರಕಾಶಕರ ಹೆಸರು ನೋಡ್ಕೊಳ್ಳಿ. ಸಣ್ಣ ಪ್ರಕಾಶನ ಅಂದ್ರೆ ಸಾಮಾನ್ಯವಾಗಿ ಒಬ್ಬರದೋ ಇಬ್ಬರದೋ ಅಭಿರುಚಿ, ಅದು ನಿಮಗೆ ಹೊಂದಿದ್ರೆ ಅವರ ಬೇರೆ ಪುಸ್ತಕಗಳೂ ಹೊಂದೋ ಚಾನ್ಸ್ ಜಾಸ್ತಿ. ಕತೆಗಾರ ವಸುಧೇಂದ್ರ ನಡೆಸೋ ಛಂದ ಪುಸ್ತಕ, ಇನ್ನೂ ಒಂದೂ ಕಥಾಸಂಕಲನ ತರದೇ ಇರೋರ ಹಸ್ತಪ್ರತಿಗೆ ಬಹುಮಾನ ಕೊಟ್ಟು ಅಚ್ಚು ಹಾಕುತ್ತೆ, ಶಾಂತಿ ಕೆ. ಅಪ್ಪಣ್ಣ ಅವರ ಮೊದಲ ಪುಸ್ತಕ ಬಂದಿದ್ದು ಹಂಗೇ.

ಆಮೇಲೆ ‘ಲೇಖಕರ ಮಾತು’. ಪೆನ್ಸಿಲ್ ಹಿಡ್ಕೊಂಡು ಓದಿ, ನಿಜವಾದ ನಿಧಿ ಇರೋದು ಇಲ್ಲೇ. ಈ ಕತೆಗಳನ್ನ ಮೊದಲು ಪ್ರಕಟಿಸಿದ ಪತ್ರಿಕೆಗಳು, ಕರಡು ಓದಿ ಬೈದ ಗೆಳೆಯರು, ಮುಖಪುಟ ಮಾಡಿದೋರು ಅಂತ ಒಂದು ಉದ್ದ ಥ್ಯಾಂಕ್ಸ್ ಪಟ್ಟಿ ಇರುತ್ತೆ. ಆ ಗೆಳೆಯರಲ್ಲಿ ಎಷ್ಟೋ ಜನ ತಾವೂ ಬರೆಯೋರೇ. ಒಂದು ಪಟ್ಟಿಯಿಂದ ನನಗೆ ಒಮ್ಮೆ ನಾಲ್ಕು ಹೆಸರು ಸಿಕ್ಕಿ, ಅದರಲ್ಲಿ ಒಬ್ಬರನ್ನ ಈಗ ಬಿಡದೇ ಓದ್ತೀನಿ. ಮುನ್ನುಡಿ, ಬೆನ್ನುಡಿ ಮಾತ್ರ ಪೂರ್ತಿ ನಂಬಬೇಡಿ, ದಾಕ್ಷಿಣ್ಯಕ್ಕೆ ಬಸುರಾದೋರು ಅಲ್ಲಿ ಬಹಳ.

ಮೂರನೇದು ದೀಪಾವಳಿ ವಿಶೇಷಾಂಕ. ಪ್ರಜಾವಾಣಿ ಕಥಾಸ್ಪರ್ಧೆಯಲ್ಲಿ ಗೆದ್ದ ಕತೆಗಳು ಅದರಲ್ಲೇ ಬರೋದು, ಒಂದು ಸಂಚಿಕೆ ದುಡ್ಡಿಗೆ ಹತ್ತಾರು ಜನರ ರುಚಿ ನೋಡಬಹುದು. ಮಯೂರ, ತುಷಾರದಂಥ ಮಾಸಪತ್ರಿಕೆಗಳು ಲೈಬ್ರರಿಲೇ ಸಿಗುತ್ತೆ. ಹಿಡಿಸಿದ ಹೆಸರನ್ನ ಫೋನಲ್ಲಿ ನೋಟ್ ಮಾಡಿಡಿ, ಅವರ ಪುಸ್ತಕ ಬರೋಕೆ ಎರಡ್ಮೂರು ವರ್ಷ ಹಿಡಿದ್ರೂ ಹಿಡೀಬಹುದು.

ಇಷ್ಟು ಪುರುಸೊತ್ತಿಲ್ಲ ಅನ್ನೋರಿಗೆ ಒಂದು ಶಾರ್ಟ್‌ಕಟ್ಟು: ಕೇಂದ್ರ ಸಾಹಿತ್ಯ ಅಕಾಡೆಮಿ ಯುವ ಪುರಸ್ಕಾರದ ಪಟ್ಟಿ. 2011ರಿಂದ ಕೊಡ್ತಿದ್ದಾರೆ, 35 ವರ್ಷದೊಳಗಿನೋರಿಗೆ. ಶಾಂತಿ ಅವರಿಗೆ 2017ರಲ್ಲಿ ಬಂತು, ದಾದಾಪೀರ್ ಜೈಮನ್‌ಗೆ 2022ರಲ್ಲಿ, ಶ್ರುತಿ ಬಿ.ಆರ್. ಅವರಿಗೆ 2024ರಲ್ಲಿ, ಅದೂ ಕವಿತೆಗೆ. ಪ್ರಶಸ್ತಿ ಬಂದಿದ್ದೆಲ್ಲ ಹಿಡಿಸಬೇಕು ಅಂತೇನಿಲ್ಲ ಬಿಡಿ.

ಕೊಳ್ಳೋ ಮುಂಚೆ ಅಂಗಡಿಲಿ ನಿಂತೇ ನಡುವಿನ ಎರಡು ಪುಟ ಓದಿ, ಮೊದಲನೇ ಪುಟನ ಎಲ್ಲರೂ ತಿದ್ದಿ ತೀಡಿರ್ತಾರೆ. ಪಾತ್ರಗಳು ಮಾತಾಡೋದು ಕಿವಿಗೆ ಸರಿ ಕೇಳಿಸ್ತಾ, ತಗೊಳ್ಳಿ. ದೂರದೂರಲ್ಲಿ, ವಿದೇಶದಲ್ಲಿ ಇರೋರಿಗೆ ಮೈಲ್ಯಾಂಗ್ ಆ್ಯಪಲ್ಲಿ ಇ-ಬುಕ್ಕು, ಆಡಿಯೊ ಬುಕ್ಕು ಇದೆ.

ಅಂಗಡಿಲಿ ಸಿಗ್ಲಿಲ್ವಾ? ಆ ಹಿಂಬದಿ ಪುಟದಲ್ಲೇ ಎಷ್ಟೋ ಸಲ ಒಂದು ಮೊಬೈಲ್ ನಂಬರೂ ಇರುತ್ತೆ, ಮಾಡಿ ನೋಡಿ. ಕಾಲ್ ಸೆಂಟರ್ ಅಲ್ಲ, ಪ್ರಕಾಶಕರೇ ಎತ್ತಬಹುದು. ನಾನು ಮಾಡಿದಾಗ, ‘ಅದು ಖಾಲಿಯಾಯ್ತಲ್ಲ ಸಾರ್, ಆದ್ರೆ ರಾಯಚೂರು ಕಡೆ ಹುಡುಗಿ ಒಬ್ಬಳು ಚೆನ್ನಾಗಿ ಬರೆದಿದ್ದಾಳೆ, ಪೋಸ್ಟಲ್ಲಿ ಕಳಿಸ್ಲಾ?’ ಅಂದ್ರು. ಕಳಿಸಿ ಅಂದೆ.